ಡೈರಿ ಲೆಕ್ಕದಲ್ಲಿ ಕಾಣೆಯಾದ 4.35

ಆ ಅಮ್ಮ ಡೈರಿಗೆ ಬಂದಾಗ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಶಾಲೆಯ ನೋಟ್‌ಬುಕ್ ಇತ್ತು. ಮೊಮ್ಮಗಳ ಹಳೆ ನೋಟ್‌ಬುಕ್. ಅದರ ಕೊನೆಯ ಖಾಲಿ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಮೂರು ಕಾಲಂ ಮಾಡಿದ್ದರು. ತಾರೀಕು, ಬೆಳಗ್ಗೆ, ಸಂಜೆ. ಎರಡು ಹೊತ್ತೂ ಮಿಷನ್ ಮೇಲೆ ಬಂದ ಅಂಕಿಯನ್ನು ಮನೆಗೆ ಹೋದ ತಕ್ಷಣ ಬರೆದಿಡುತ್ತಿದ್ದರು. ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: "ಮಿಷನ್‌ನಲ್ಲಿ ನಾಲ್ಕು ಮೂವತ್ತೈದು ಬಂತು. ನಾನೇ ನೋಡಿದೀನಿ. ನಿಮ್ಮ ಬಿಲ್ಲಲ್ಲಿ ನಾಲ್ಕು ಮೂವತ್ತನಾಲ್ಕು ಅಂತ ಇದೆ."

ಬಿಲ್ಲು ಮಾಡುತ್ತಿದ್ದದ್ದು ನಾನು ಬರೆದ ಪ್ರೋಗ್ರಾಂ. ನಮ್ಮೂರಿನ ಹಾಲಿನ ಸಂಘಕ್ಕೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟು ಎಂಟು ತಿಂಗಳಾಗಿತ್ತು. ಕೆಲಸ ಸರಳ. ಅಳೆಯುವ ಮಿಷನ್ ಒಂದು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಲೀಟರ್ ಕಳಿಸುತ್ತದೆ. ಹಾಲು ಪರೀಕ್ಷಿಸುವ ಇನ್ನೊಂದು ಮಿಷನ್ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಕಳಿಸುತ್ತದೆ. ಪ್ರೋಗ್ರಾಂ ದರದ ಪಟ್ಟಿ ನೋಡಿ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಏಳು ದಿನಕ್ಕೊಮ್ಮೆ ಬಿಲ್ಲು.

ನಾನು ಆವತ್ತೇ ಅಲ್ಲೇ ಕೂತು ಪರೀಕ್ಷೆ ಮಾಡಿದೆ. 5.50 ಹಾಕಿದೆ, ಸರಿಯಾಗಿ ಬಂತು. 6.25, 6.80, 7.35 ಹಾಕಿದೆ. ಎಲ್ಲ ಸರಿ. ಪ್ರೋಗ್ರಾಂ ಬರೆಯುವಾಗಲೂ ನಾನು ಇಂಥ ಅಂಕಿಗಳಲ್ಲೇ ಪರೀಕ್ಷೆ ಮಾಡಿದ್ದೆ. "ಪ್ರೋಗ್ರಾಂನಲ್ಲಿ ತಪ್ಪಿಲ್ಲಮ್ಮ" ಅಂದೆ. ಅವರು ನೋಟ್‌ಬುಕ್ ಮಡಚಿ, "ಹಂಗಾದ್ರೆ ನಾನು ಬರೆದದ್ದು ತಪ್ಪಾ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ತಿಂಗಳು ಬಿಡದೆ ಎರಡು ಹೊತ್ತೂ ಬರೆದವರು ಸುಮ್ನೆ ತಪ್ಪು ಹೇಳುವುದಿಲ್ಲ, ಅಲ್ವಾ?

ಮರುದಿನ ಹಾಲು ಹಾಕುವವರೆಲ್ಲ ಹೋದ ಮೇಲೆ ಒಂದು ಕ್ಯಾನಿಗೆ ನೀರು ತುಂಬಿ ಮಿಷನ್ ಮೇಲಿಟ್ಟೆ. ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದೆ. 4.34 ಬಂದಾಗ ಚೀಟಿ ತೆಗೆದೆ. 4.34 ಅಂತಲೇ ಇತ್ತು. ಇನ್ನೊಂದು ಚೂರು ನೀರು ಹಾಕಿದೆ. ಮಿಷನ್ 4.35 ತೋರಿಸಿತು. ಚೀಟಿ ಮತ್ತೆ 4.34. ಇನ್ನೊಂದು ಚೂರು ಹಾಕಿ 4.36 ಮಾಡಿದೆ. ಚೀಟಿಯಲ್ಲೂ 4.36. ನಡುವಿನ ಒಂದು ಅಂಕಿಯನ್ನು ಮಾತ್ರ ನನ್ನ ಪ್ರೋಗ್ರಾಂ ನುಂಗಿತ್ತು.

ಲೀಟರನ್ನು ನಾನು ನೂರರಿಂದ ಗುಣಿಸಿ, ಹತ್ತು ಎಂಎಲ್‌ನ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡುತ್ತಿದ್ದೆ. 4.35 ಅಂದರೆ 435. ಗುಣಿಸಿದ ಮೇಲೆ ಪೂರ್ಣಾಂಕ ಮಾಡುವ ಸಾಲಿಗಿಂತ ಮುಂಚೆ ಬೆಲೆಯನ್ನು ಪ್ರಿಂಟ್ ಮಾಡಿ ನೋಡಿದೆ. ಪರದೆಯ ಮೇಲೆ 434.99999999999994 ಅಂತ ಬಂತು. ಜಾವಾದಲ್ಲಿ ಡಬಲನ್ನು, ಅಂದರೆ ಬಿಂದು ಇರುವ ಸಂಖ್ಯೆಯನ್ನು, ಇಂಟ್, ಅಂದರೆ ಪೂರ್ಣಾಂಕ ಮಾಡಿದರೆ ಬಿಂದುವಿನ ನಂತರ ಇರುವುದೆಲ್ಲ ಕತ್ತರಿಸಿ ಹೋಗುತ್ತದೆ. ಹತ್ತಿರದ ಅಂಕಿಗೆ ಸರಿಮಾಡುವುದಿಲ್ಲ. ಹಾಗಾಗಿ 434.

ಕಂಪ್ಯೂಟರ್ ದಶಮಾಂಶವನ್ನು ಸರಿಯಾಗಿ ಇಟ್ಟುಕೊಳ್ಳುವುದಿಲ್ಲ ಅಂತ ಕಾಲೇಜಿನಲ್ಲಿ ಓದಿದ್ದೆ. 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ ಅನ್ನುವುದು ಎಲ್ಲ ಪ್ರೋಗ್ರಾಮರ್‌ಗಳಿಗೂ ಗೊತ್ತು. ಆದರೆ ಹದಿನೇಳನೇ ಸ್ಥಾನದ ತಪ್ಪು ಹಾಲಿನ ಬಿಲ್ಲಿಗೆ ಏನು ಮಾಡೀತು ಅಂತ ಬಿಟ್ಟಿದ್ದೆ. ಕತ್ತರಿಸುವ ಕೆಲಸ ನಡುವೆ ಬಂದರೆ ಹದಿನೇಳನೇ ಸ್ಥಾನದ ತಪ್ಪು ಒಂದೇ ಹೆಜ್ಜೆಗೆ ಎರಡನೇ ಸ್ಥಾನಕ್ಕೆ ಬಂದು ಕೂರುತ್ತದೆ.

ಸಂಘದ ಕಾರ್ಯದರ್ಶಿಗೆ ಇದನ್ನು ವಿವರಿಸಬೇಕಾಯಿತು. ಅವರು ಹಳೆ ಕಾಲದವರು. ಸೇರು, ಪಾವು ಬಳಸಿ ಬೆಳೆದವರು. ಅದೇ ದಾರಿ ಹಿಡಿದೆ. ಒಂದು ಅಂಗಡಿಯಲ್ಲಿ ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು ಮಾತ್ರ ಇವೆ ಅಂದುಕೊಳ್ಳಿ. ಒಂದು, ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು. ಪ್ರತಿ ಅಳತೆಯೂ ಹಿಂದಿನದರ ಅರ್ಧ. ಕಂಪ್ಯೂಟರ್ ಹತ್ತಿರ ಇರುವುದು ಇಂಥ ಪಾತ್ರೆಗಳೇ. ಚಟಾಕಿನ ಅರ್ಧ, ಅದರ ಅರ್ಧ, ಹೀಗೆ ಕೆಳಗಿನವರೆಗೂ ಇವೆ. ಈಗ ಯಾರೋ ಬಂದು "ಸೇರಿನ ಹತ್ತನೇ ಒಂದು ಭಾಗ ಕೊಡಿ" ಅಂದರೆ? ಚಟಾಕು ಹಾಕಿದರೆ 0.0625. ಅರ್ಧ ಚಟಾಕು ಸೇರಿಸಿದರೆ 0.09375. ಮುಂದಿನ ಎರಡು ಪಾತ್ರೆ ಹಾಕಿದರೆ ಹತ್ತನೇ ಒಂದು ಭಾಗ ದಾಟಿ ಹೋಗುತ್ತದೆ. ಅವನ್ನು ಬಿಟ್ಟು 256ನೇ ಒಂದು ಭಾಗ ಹಾಕಿದರೆ 0.09765625. 512ನೇ ಒಂದು ಭಾಗ ಹಾಕಿದರೆ 0.099609375. ಹತ್ತಿರ ಹೋಗುತ್ತಲೇ ಇರುತ್ತೇವೆ, ಮುಟ್ಟುವುದೇ ಇಲ್ಲ. ಒಂದು ರೂಪಾಯಿಯನ್ನು ಮೂವರಿಗೆ ಸಮವಾಗಿ ಹಂಚಲು ಹೋದರೆ 33.333 ಪೈಸೆ ಅಂತ ಮುಗಿಯದೇ ಹೋಗುತ್ತದಲ್ಲ, ಹಾಗೇ.

ಕಾರ್ಯದರ್ಶಿ ತಕ್ಷಣ ಒಂದು ಮಾತು ಹೇಳಿದರು. "ಹಂಗಾದ್ರೆ ಆಣೆ ಲೆಕ್ಕ ಇದ್ದಿದ್ರೆ ಸರಿಹೋಗ್ತಿತ್ತು." ನನಗೆ ಮೈ ಜುಮ್ಮೆಂದಿತು. ನಿಜವಾದ ಮಾತು. ರೂಪಾಯಿಗೆ ಹದಿನಾರು ಆಣೆ. ಒಂದಾಣೆ ಅಂದರೆ ಹದಿನಾರನೇ ಒಂದು. ಅದನ್ನು ಕಂಪ್ಯೂಟರ್ ಚೂರೂ ತಪ್ಪಿಲ್ಲದೆ ಇಟ್ಟುಕೊಳ್ಳುತ್ತದೆ. 1957ರ ಏಪ್ರಿಲ್ 1ರಿಂದ ನಮಗೆ ರೂಪಾಯಿಗೆ ನೂರು ಪೈಸೆ ಬಂತು. ಒಂದರಿಂದ ತೊಂಬತ್ತೊಂಬತ್ತು ಪೈಸೆವರೆಗೆ ಲೆಕ್ಕ ಹಾಕಿ ನೋಡಿ. ರೂಪಾಯಿಯ ಭಾಗವಾಗಿ ಬರೆದಾಗ ಕಂಪ್ಯೂಟರ್ ಪೂರ್ತಿ ಸರಿಯಾಗಿ ಇಡಬಲ್ಲ ಮೊತ್ತ ಮೂರೇ ಮೂರು: 25, 50, 75. ಅಂದರೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಉಳಿದ 96 ಮೊತ್ತಗಳೂ ಹತ್ತಿರದ ಅಂದಾಜು ಮಾತ್ರ.

ಈ ಅಂದಾಜನ್ನು ಹೇಗೆ ಇಡಬೇಕು ಅನ್ನುವುದಕ್ಕೆ 1985ರಲ್ಲಿ ಒಂದು ಮಾನದಂಡ ಬಂತು. ಎಂಜಿನಿಯರ್‌ಗಳ ಸಂಸ್ಥೆ ಐಇಇಇ ಹೊರತಂದ ಐಇಇಇ 754. ಅದರ ಹಿಂದೆ ಮುಖ್ಯವಾಗಿ ದುಡಿದವರು ವಿಲಿಯಂ ಕಹಾನ್. 1989ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಡಬಲ್ ಅನ್ನುವ 64 ಬಿಟ್‌ಗಳ (ಸೊನ್ನೆ ಅಥವಾ ಒಂದು ಇಡುವ ಮನೆಗಳ) ಸಂಖ್ಯೆಯಲ್ಲಿ 53 ಬಿಟ್‌ನಷ್ಟು ನಿಖರತೆ ಸಿಗುತ್ತದೆ. ಇದು ಕೆಟ್ಟ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ಬಹಳ ಯೋಚಿಸಿ ಮಾಡಿದ ವ್ಯವಸ್ಥೆ. ಹವಾಮಾನದ ಲೆಕ್ಕಕ್ಕೆ, ಸೇತುವೆಯ ಲೆಕ್ಕಕ್ಕೆ ಅದು ಬೇಕೇ ಬೇಕು. ಹಾಲಿನ ಬಿಲ್ಲಿಗೆ ಅದನ್ನು ತಂದು ಹಾಕಿದ್ದು ನಾನು.

ಆದರೆ ನನ್ನ ಪರೀಕ್ಷೆಗಳೆಲ್ಲ ಯಾಕೆ ಸರಿ ಬಂದವು? ಈ ಪ್ರಶ್ನೆ ಬಿಡಲಿಲ್ಲ. ಒಂದು ಸಣ್ಣ ಪ್ರೋಗ್ರಾಂ ಬರೆದು 0.01ರಿಂದ 20.00 ಲೀಟರ್‌ವರೆಗೆ ಪ್ರತಿ ಅಳತೆಯನ್ನೂ ನೂರರಿಂದ ಗುಣಿಸಿ, ಕತ್ತರಿಸಿ, ಎಲ್ಲಿ ತಪ್ಪುತ್ತದೆ ಅಂತ ಪಟ್ಟಿ ತೆಗೆದೆ. 4.00ರಿಂದ 4.99ರವರೆಗಿನ ನೂರು ಅಳತೆಗಳಲ್ಲಿ 16 ತಪ್ಪುತ್ತಿದ್ದವು. 4.02, 4.06, 4.10, 4.14. ಆಮೇಲೆ 4.27, 4.31, 4.35, 4.39. ನಂತರ 4.52, 4.56, 4.60, 4.64. ಕೊನೆಗೆ 4.77, 4.81, 4.85, 4.89. ನಾಲ್ಕರ ಗುಂಪುಗಳು, ಸರಿಯಾಗಿ 0.25ರ ಅಂತರದಲ್ಲಿ. 5.02, 5.06, 5.10 ಕೂಡ ತಪ್ಪುತ್ತಿದ್ದವು. ಆಮೇಲೆ ನಿಂತುಬಿಟ್ಟಿತು. 5.12ರಿಂದ 7.99ರವರೆಗೆ ಒಂದೂ ತಪ್ಪಿಲ್ಲ! 8 ದಾಟಿದ ಕೂಡಲೇ ಮತ್ತೆ ಶುರು. 8.20 ಹಾಕಿದರೆ 8.19. ಅದು 10.23ರ ಆಚೆ ಮತ್ತೆ ನಿಂತು, 16ಕ್ಕೆ ಮತ್ತೆ ಶುರುವಾಗುತ್ತಿತ್ತು.

ನಾನು ಪರೀಕ್ಷೆಗೆ ತೆಗೆದುಕೊಂಡಿದ್ದ ಅಂಕಿಗಳೆಲ್ಲ ಐದೂವರೆಯಿಂದ ಏಳೂವರೆ ಲೀಟರ್ ಒಳಗೆ ಇದ್ದವು. ನಮ್ಮ ಮನೆಯ ಹಸು ಹೊತ್ತಿಗೆ ಅಷ್ಟು ಕೊಡುತ್ತಿತ್ತು. ಕೈಗೆ ಅದೇ ಅಂಕಿ ಬರುತ್ತಿತ್ತು.

ಕಾರಣ ತಿಳಿಯಲು ಕಾಗದದ ಮೇಲೆ ಎರಡು ಸಂಜೆ ಕೂತೆ. ಡಬಲ್ ಸಂಖ್ಯೆಗಳನ್ನು ಮೆಟ್ಟಿಲು ಅಂದುಕೊಳ್ಳಿ. ಕಂಪ್ಯೂಟರ್ ಮೆಟ್ಟಿಲ ಮೇಲೆ ಮಾತ್ರ ನಿಲ್ಲಬಲ್ಲದು, ನಡುವೆ ಅಲ್ಲ. 4, 8, 16, ಮುಂದೆ 256, 512, 1024, ಹೀಗೆ ಎರಡರ ಘಾತಗಳನ್ನು ದಾಟಿದಾಗಲೆಲ್ಲ ಮೆಟ್ಟಿಲುಗಳ ನಡುವಿನ ಅಂತರ ಎರಡು ಪಟ್ಟಾಗುತ್ತದೆ. 4.35 ಅನ್ನುವ ಜಾಗದಲ್ಲಿ ಮೆಟ್ಟಿಲಿಲ್ಲ. ಹತ್ತಿರದ್ದು ಒಂದು ಚೂರು ಕೆಳಗಿದೆ. ನೂರರಿಂದ ಗುಣಿಸಿದಾಗ ಆ ಕೊರತೆಯೂ ನೂರು ಪಟ್ಟಾಗುತ್ತದೆ. ಉತ್ತರ 435ರ ಹತ್ತಿರ, ಅಂದರೆ 512ರ ಒಳಗೆ ಬೀಳುತ್ತದೆ. ಅಲ್ಲಿ ಮೆಟ್ಟಿಲುಗಳು ಇನ್ನೂ ಒತ್ತೊತ್ತಾಗಿವೆ. ಕೊರತೆಯಿರುವ ಉತ್ತರಕ್ಕೆ 435ಕ್ಕಿಂತ ಅದರ ಕೆಳಗಿನ ಮೆಟ್ಟಿಲೇ ಹತ್ತಿರವಾಗುತ್ತದೆ. ಅಲ್ಲಿ ನಿಂತಿತು, ಕತ್ತರಿ ಬಿತ್ತು. 5.12 ದಾಟಿದರೆ ಉತ್ತರ 512ರ ಆಚೆಗೆ ಬೀಳುತ್ತದೆ. ಅಲ್ಲಿ ಮೆಟ್ಟಿಲುಗಳು ದೂರ ದೂರ. ಅಷ್ಟು ಸಣ್ಣ ಕೊರತೆ ಕೆಳಗಿನ ಮೆಟ್ಟಿಲಿಗೆ ಎಳೆಯಲು ಸಾಲದು. ಉತ್ತರ ಪೂರ್ಣಾಂಕದ ಮೇಲೇ ಬಂದು ನಿಲ್ಲುತ್ತದೆ. 8 ದಾಟಿದಾಗ ಮೂಲ ಅಳತೆಯ ಮೆಟ್ಟಿಲುಗಳೂ ದೂರವಾಗುತ್ತವೆ, ಕೊರತೆ ದೊಡ್ಡದಾಗುತ್ತದೆ, ತಪ್ಪು ಮರಳಿ ಬರುತ್ತದೆ.

ಇದು ಅರ್ಥವಾದಾಗ ಖುಷಿಯೇನೋ ಆಯಿತು. ಜೊತೆಗೇ ಇನ್ನೊಂದು ವಿಷಯ ಹೊಳೆದು ಬೇಜಾರಾಯಿತು. ಕತ್ತರಿಸುವುದು ಯಾವಾಗಲೂ ಕೆಳಗೇ. ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ ಅಂತ ಇಲ್ಲ. ಪ್ರತಿ ತಪ್ಪೂ ಹಾಲು ಹಾಕುವವರ ಕಡೆಯಿಂದಲೇ ಹೋಗಿತ್ತು. ಅದರಲ್ಲೂ ನಾಲ್ಕು ನಾಲ್ಕೂವರೆ ಲೀಟರ್ ಹಾಕುವ, ಒಂದೇ ಹಸು ಇರುವ ಮನೆಗಳಿಂದ.

ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲಿ ನಡೆದದ್ದು ಇದೇ ಜಾತಿಯದು. 1982ರಲ್ಲಿ ಅಲ್ಲಿ ಒಂದು ಸೂಚ್ಯಂಕವನ್ನು 1000ದಿಂದ ಶುರು ಮಾಡಿದರು. ಪ್ರತಿ ವಹಿವಾಟಿನ ನಂತರ ಹೊಸ ಬೆಲೆ ಲೆಕ್ಕ ಹಾಕಿ ಮೂರು ದಶಮಾಂಶಕ್ಕೆ ನಿಲ್ಲಿಸುತ್ತಿದ್ದರು. ಹತ್ತಿರಕ್ಕೆ ಸರಿಮಾಡುವ ಬದಲು ಕತ್ತರಿಸುತ್ತಿದ್ದರು. ದಿನಕ್ಕೆ ಸಾವಿರಾರು ಸಲ ಕೆಳಗೇ ಕತ್ತರಿ ಬಿದ್ದು, 1983ರ ಕೊನೆಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ಆಗಬೇಕಿತ್ತು. ನನ್ನ ಪ್ರೋಗ್ರಾಂನಲ್ಲಿ ತಪ್ಪು ಒಂದರ ಮೇಲೊಂದು ಪೇರಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ ಪುಣ್ಯ.

ಮೊದಲ ತಿಂಗಳಲ್ಲೇ ಇದರ ಒಂದು ಸುಳಿವು ಸಿಕ್ಕಿತ್ತು ಅನ್ನುವುದನ್ನೂ ಹೇಳಬೇಕು. ದರದ ಪಟ್ಟಿಯನ್ನು ನಾನು 3.5 ಫ್ಯಾಟ್‌ನಿಂದ ಶುರು ಮಾಡಿ, 0.1 ಸೇರಿಸುತ್ತಾ ಕಟ್ಟಿದ್ದೆ. 3.6 ಸರಿ, 3.7 ಸರಿ. ಮೂರನೇ ಸಲ ಸೇರಿಸಿದಾಗ 3.8000000000000003 ಆಗಿತ್ತು. ಯಾರದೋ ಹಾಲು 3.8 ಬಂದಾಗ ಪಟ್ಟಿಯಲ್ಲಿ ದರ ಸಿಗದೆ ಪ್ರೋಗ್ರಾಂ ನಿಂತುಹೋಯಿತು. ಫ್ಯಾಟನ್ನು ಹತ್ತರಿಂದ ಗುಣಿಸಿದ ಪೂರ್ಣಾಂಕವಾಗಿ, ಅಂದರೆ 38 ಅಂತ ಇಟ್ಟು ಅರ್ಧ ಗಂಟೆಯಲ್ಲಿ ಸರಿಮಾಡಿದ್ದೆ. ಅದು ಕೂಗಿ ಹೇಳಿದ ತಪ್ಪು. ಅವತ್ತೇ ಲೀಟರ್ ಕಡೆಗೂ ತಿರುಗಿ ನೋಡಬೇಕಿತ್ತು. ನೋಡಲಿಲ್ಲ.

ಸರಿಮಾಡುವುದು ಹೇಗೆ? ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿದರೆ 434.99999999999994 ಸೀದಾ 435 ಆಗುತ್ತದೆ. ಆ ರಾತ್ರಿ ಅಷ್ಟು ಬದಲಿಸಿ ಪ್ರೋಗ್ರಾಂ ಓಡಿಸಿದೆ. ಬೆಳಗ್ಗೆ ಹಾಲು ನಿಲ್ಲುವುದಿಲ್ಲವಲ್ಲ. ಅದು ಸರಿಯಾದ ಉಪಾಯವೇ. ಆದರೂ ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಮಿಷನ್ ಕಳಿಸುತ್ತಿದ್ದದ್ದು ಅಕ್ಷರಗಳನ್ನು. ನಾಲ್ಕು, ಬಿಂದು, ಮೂರು, ಐದು. ಕೇಬಲ್‌ನಲ್ಲಿ ಬರುವಾಗ ಅದು ಪೂರ್ತಿ ಸರಿಯಾಗೇ ಇತ್ತು. ಅದನ್ನು ಡಬಲ್ ಮಾಡಿ ಕೆಡಿಸಿ, ಆಮೇಲೆ ರೌಂಡ್ ಮಾಡಿ ರಿಪೇರಿ ಮಾಡುವುದೇಕೆ?

ಮೊದಲು ಬಿಗ್‌ಡೆಸಿಮಲ್ ಬಳಸಿದೆ. ಜಾವಾದಲ್ಲಿ ದಶಮಾಂಶವನ್ನು ದಶಮಾಂಶವಾಗೇ ಇಡುವ ಸೌಕರ್ಯ ಅದು. ಅಲ್ಲೂ ಒಂದು ಗುಂಡಿ ಇದೆ. 4.35 ಅನ್ನುವ ಡಬಲನ್ನು ಸೀದಾ ಅದರ ಕನ್‌ಸ್ಟ್ರಕ್ಟರ್‌ಗೆ, ಅಂದರೆ ಹೊಸ ಬಿಗ್‌ಡೆಸಿಮಲ್ ಕಟ್ಟಿಕೊಡುವ ಭಾಗಕ್ಕೆ, ಕೊಟ್ಟರೆ ಸಿಗುವುದು 4.3499999999999996447286321199499070644378662109375. ಅದು ಸುಳ್ಳು ಹೇಳುತ್ತಿಲ್ಲ. ಡಬಲ್ ಒಳಗೆ ಇದ್ದದ್ದೇ ಅದು. ಈ ಉದ್ದದ ಅಂಕಿಯನ್ನು ಒಮ್ಮೆ ಕಣ್ಣಾರೆ ನೋಡಿ ಅಂತ ಹೊಸದಾಗಿ ಪ್ರೋಗ್ರಾಂ ಕಲಿಯುವವರಿಗೆಲ್ಲ ಹೇಳುತ್ತೇನೆ. ಅದೇ 4.35ನ್ನು ಅಕ್ಷರಗಳಾಗಿ ಕೊಟ್ಟರೆ ಸರಿಯಾಗಿ 4.35 ಸಿಗುತ್ತದೆ.

ಕೊನೆಗೆ ಅದನ್ನೂ ಬಿಟ್ಟೆ. ಬಿಂದುವಿನ ಎಡಕ್ಕಿರುವ ಅಕ್ಷರಗಳನ್ನು ಒಂದು ಪೂರ್ಣಾಂಕ, ಬಲಕ್ಕಿರುವುದನ್ನು ಇನ್ನೊಂದು ಪೂರ್ಣಾಂಕ ಮಾಡಿ, ಎಡದ್ದನ್ನು ನೂರರಿಂದ ಗುಣಿಸಿ ಕೂಡಿದೆ. ಹಾಗೆ ಮಾಡುವಾಗ ಮೊದಲ ಸಲ 4.5 ಅನ್ನುವುದು 405 ಆಗಿಬಿಟ್ಟಿತು. ಬಲಗಡೆ ಒಂದೇ ಅಂಕಿ ಇದ್ದರೆ ಸೊನ್ನೆ ಸೇರಿಸಬೇಕು. ಅದು ಪರೀಕ್ಷೆಯಲ್ಲೇ ಸಿಕ್ಕಿತು. ಈ ಸಲ 0.00ಯಿಂದ 40.00ವರೆಗಿನ ಪ್ರತಿ ಅಳತೆಯನ್ನೂ ಪರೀಕ್ಷೆಗೆ ಹಾಕಿದ್ದೆ. ನಾಲ್ಕು ಸಾವಿರದ ಒಂದು ಅಂಕಿ. ಕಂಪ್ಯೂಟರ್‌ಗೆ ಅದು ಕಣ್ಣು ಮಿಟುಕಿಸುವ ಹೊತ್ತಿನ ಕೆಲಸ. ಮೊದಲೇ ಹೀಗೆ ಮಾಡಲು ಏನೂ ಅಡ್ಡಿ ಇರಲಿಲ್ಲ.

ದುಡ್ಡಿನ ಲೆಕ್ಕವನ್ನೂ ಪೂರ್ಣಾಂಕಕ್ಕೆ ತಂದೆ. ದರ ಪೈಸೆಯಲ್ಲಿ. ಆಗಿನ ಒಂದು ದರ ಲೀಟರ್‌ಗೆ 32 ರೂಪಾಯಿ 50 ಪೈಸೆ, ಅಂದರೆ 3250. 435ನ್ನು 3250ರಿಂದ ಗುಣಿಸಿ ನೂರರಿಂದ ಭಾಗಿಸಿದರೆ 14137.5 ಪೈಸೆ. ಅರ್ಧ ಪೈಸೆ ಉಳಿಯಿತು! ಇದಕ್ಕೆ ಡಬಲ್ ಮೇಲೆ ದೂರು ಹಾಕುವಂತಿಲ್ಲ. 141.375 ಅನ್ನುವುದನ್ನು ಡಬಲ್ ಪೂರ್ತಿ ಸರಿಯಾಗಿ ಇಡುತ್ತದೆ. ಬಿಂದುವಿನ ನಂತರದ್ದು ಮುಕ್ಕಾಲರ ಅರ್ಧ ತಾನೇ. ಇಲ್ಲಿ ಪ್ರಶ್ನೆ ಬೇರೆ. ಆ ಅರ್ಧ ಪೈಸೆ ಯಾರದು?

ಎರಡು ದಾರಿ ಇತ್ತು. ವಾರದ 14 ಹೊತ್ತಿನ ಮೊತ್ತವನ್ನು ಅರ್ಧ ಪೈಸೆ ಸಮೇತ ಕೂಡಿ ಕೊನೆಗೊಮ್ಮೆ ರೌಂಡ್ ಮಾಡಬಹುದು. ಆಗ ಇಂಥ 14 ಹೊತ್ತಿಗೆ 1979 ರೂಪಾಯಿ 25 ಪೈಸೆ. ಅಥವಾ ಪ್ರತಿ ಹೊತ್ತಿನ ಚೀಟಿಯಲ್ಲೇ ಮೇಲಕ್ಕೆ ರೌಂಡ್ ಮಾಡಿ, 141 ರೂಪಾಯಿ 38 ಪೈಸೆಯಂತೆ ಕೂಡಬಹುದು. ಆಗ 1979 ರೂಪಾಯಿ 32 ಪೈಸೆ. ಏಳು ಪೈಸೆ ವ್ಯತ್ಯಾಸ. ಪುಸ್ತಕದ ಪ್ರಕಾರ ಮೊದಲನೆಯದು ಹೆಚ್ಚು ನಿಖರ. ನಾನೂ ಅದನ್ನೇ ಮಾಡೋಣ ಅಂದುಕೊಂಡಿದ್ದೆ. ಆಮೇಲೆ ಆ ನೋಟ್‌ಬುಕ್ ನೆನಪಾಯಿತು. ಯಾರಾದರೂ ಮನೆಯಲ್ಲಿ ಕೂತು 14 ಚೀಟಿಗಳನ್ನು ಕೂಡಿದರೆ ಬಿಲ್ಲಿನ ಮೊತ್ತವೇ ಬರಬೇಕು. ಬರದಿದ್ದರೆ ನನ್ನ ನಿಖರತೆ ಅವರಿಗೆ ಯಾಕೆ ಬೇಕು? ಇದನ್ನು ನಾನೊಬ್ಬನೇ ತೀರ್ಮಾನಿಸುವುದು ಸರಿಯಲ್ಲ ಅನ್ನಿಸಿ ಸಂಘದ ಕಮಿಟಿ ಮುಂದೆ ಇಟ್ಟೆ. ಚೀಟಿಯಲ್ಲೇ ರೌಂಡ್ ಮಾಡಿ, ಅರ್ಧ ಪೈಸೆ ಹಾಲು ಹಾಕಿದವರಿಗೆ ಅಂತ ಅವರು ಹೇಳಿದರು. ಆ ಸಾಲನ್ನು ದರದ ಪಟ್ಟಿಯ ಕೆಳಗೇ ಬರೆದು ಗೋಡೆಗೆ ಅಂಟಿಸಿದರು.

ಎಂಟು ತಿಂಗಳ ಬಾಕಿ ಉಳಿದಿತ್ತು. ಕಷ್ಟವಾಗಿದ್ದು ಅದೇ. ಮಿಷನ್ ಕಳಿಸಿದ ಮೂಲ ಅಕ್ಷರಗಳನ್ನು ನಾನು ಇಟ್ಟಿರಲಿಲ್ಲ. ಇದ್ದದ್ದು ಕತ್ತರಿಸಿದ ಮೇಲಿನ ಅಂಕಿ ಮಾತ್ರ. ಡೇಟಾಬೇಸ್‌ನಲ್ಲಿ ಯಾವ ಅಂಕಿ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. 433 ಹಲವು ಸಲ, 436 ಹಲವು ಸಲ. 434 ಮಾತ್ರ ಅವುಗಳ ಸುಮಾರು ಎರಡರಷ್ಟು. 435 ಒಂದೇ ಒಂದು ಸಲವೂ ಇಲ್ಲ. 402, 406, 410 ಹುಡುಕಿದೆ. ಅವೂ ಇಲ್ಲ. ಎಂಟು ತಿಂಗಳು, ಇಡೀ ಊರಿನಲ್ಲಿ ಯಾರೂ ಒಮ್ಮೆಯೂ 4.10 ಲೀಟರ್ ಹಾಲು ಹಾಕಿಲ್ಲ ಅಂತ ನನ್ನ ಡೇಟಾಬೇಸ್ ಹೇಳುತ್ತಿತ್ತು. ಈ ಎಣಿಕೆಯನ್ನು ಮೊದಲ ವಾರವೇ ಮಾಡಿದ್ದರೆ ಸಾಕಿತ್ತು.

434 ಅಂತ ಇರುವ ಸಾಲು ನಿಜವಾದ 4.34 ಇರಬಹುದು, ಕತ್ತರಿ ಬಿದ್ದ 4.35 ಇರಬಹುದು. ಬೇರ್ಪಡಿಸುವ ದಾರಿಯೇ ಇಲ್ಲ. ಇದನ್ನೂ ಕಮಿಟಿಗೆ ಹೇಳಿದೆ. ಹೆಚ್ಚು ಮಾತಾಗಲಿಲ್ಲ. ಅನುಮಾನ ಇರುವ ಪ್ರತಿ ಸಾಲಿಗೂ ಹತ್ತು ಎಂಎಲ್ ಸೇರಿಸಿ ಕೊಡೋಣ ಅಂತ ಒಪ್ಪಿದರು. ಒಂದು ಸಾಲಿಗೆ ಮೂವತ್ತೆರಡು ಮೂವತ್ತಮೂರು ಪೈಸೆಯ ಲೆಕ್ಕ. ಮನೆಮನೆಗೂ ಬಾಕಿ ಪಟ್ಟಿ ಪ್ರಿಂಟ್ ಮಾಡಿದೆ. ತಾರೀಕು, ಹೊತ್ತು, ಹಳೆ ಅಂಕಿ, ಹೊಸ ಅಂಕಿ.

ಆ ಅಮ್ಮ ತಮ್ಮ ಪಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲೆ ಹರಡಿಕೊಂಡು ನೋಟ್‌ಬುಕ್ ಜೊತೆ ಒಂದೊಂದೇ ಸಾಲು ತಾಳೆ ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅರ್ಧಕ್ಕೂ ಹೆಚ್ಚು ಸಾಲುಗಳಿಗೆ ತಲೆಯಾಡಿಸಿದರು. ಒಂದು ಕಡೆ ಬೆರಳು ನಿಂತಿತು. "ಇದು ನಿಜವಾಗ್ಲೂ ಮೂವತ್ತನಾಲ್ಕೇ ಇತ್ತು. ಜಾಸ್ತಿ ಕೊಟ್ಟಿದ್ದೀರಿ, ತೆಗೀರಿ" ಅಂದರು. ಹಾಗೆ ಇನ್ನೂ ಐದು ಸಾಲು ತೋರಿಸಿದರು. ಕಾರ್ಯದರ್ಶಿ ಪೆನ್ ತೆಗೆದು ಆ ಆರು ಸಾಲುಗಳನ್ನು ಹೊಡೆದು, ಮೊತ್ತ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡರು.